ಕೇದಾರದ ಹಾದಿಯಲ್ಲಿ ಮರಗಳು ನಿಲ್ಲುವ ಎಡೆ

ಕೇದಾರನಾಥನ ದರ್ಶನಕ್ಕೆ ಕಾಲ್ನಡಿಗೆಯಿಂದ ಹೋಗಿಬಂದ ನಮ್ಮ ಭಾಗದ ಯಾತ್ರಿಕರು ಅಲ್ಲಿಯ ಚಳಿಯನ್ನೂ, ಮಂದಾಕಿನಿಯ ಭೋರ್ಗರೆತವನ್ನೂ, ಹಾದಿಯುದ್ದಕ್ಕೂ ಕುದುರೆ ಹೇಸರಗತ್ತೆಗಳ ನೂಕುನುಗ್ಗಲನ್ನೂ ಬಹು ಚೆನ್ನಾಗಿ ಬಣ್ಣಿಸುತ್ತಾರೆ. ಆದರೆ ಆ ಹಾದಿಯಲ್ಲಿ ಮರಗಳು ಎಲ್ಲಿ ಮುಗಿದವೆಂದು ಕೇಳಿದರೆ ತುಸು ಯೋಚನೆಗೆ ಬೀಳುತ್ತಾರೆ. ಗೌರಿಕುಂಡವು ಸಮುದ್ರಮಟ್ಟದಿಂದ ಸುಮಾರು 2000 ಮೀಟರ್ ಎತ್ತರದಲ್ಲಿದೆ. ದೇವಾಲಯವಿರುವುದು 3583 ಮೀಟರ್ ಎತ್ತರದಲ್ಲಿ. ಹೊರಡುವಾಗ ಎರಡೂ ಮಗ್ಗುಲಿಗೆ ದಟ್ಟವಾದ ಕಾಡು. ಏರುತ್ತ ಹೋದಂತೆ ಕಾಡು ತೆಳುವಾಗುತ್ತದೆ, ಮರಗಳು ಗಿಡ್ಡವಾಗುತ್ತವೆ, ಹಿಮದ ಭಾರಕ್ಕೆ ಬಾಗಿ ನೆಲಕ್ಕೆ ತಾಗುತ್ತವೆ. ಕೊನೆಗೊಂದು ಎಡೆಯಲ್ಲಿ ಮರವೆಂಬುದೇ ಇಲ್ಲವಾಗುತ್ತದೆ. ಅಲ್ಲಿಂದಾಚೆಗೆ ಹುಲ್ಲು, ಕಲ್ಲು, ಹಿಮ. ಈ ಎಲ್ಲೆಗೆ ಶಾಸ್ತ್ರಜ್ಞರು ವೃಕ್ಷರೇಖೆ ಎಂದು ಹೆಸರಿಟ್ಟಿದ್ದಾರೆ. ಕೇದಾರನಾಥನು ನೆಲಸಿರುವುದು ಈ ರೇಖೆಯಿಂದ ಮೇಲೆ.

ದೂರದ ಬೆಟ್ಟದ ಮರಗಳ ಸುದ್ದಿ ವಿದ್ಯಾನಗರದಲ್ಲಿ ಕುಳಿತ ನಮಗೇಕೆ ಎಂದು ಯಾರೂ ಕೇಳಲಾರರೆಂದು ನಂಬಿದ್ದೇವೆ. ಶಾಲೆಗಳಿಗೆ ಬೇಸಿಗೆಯ ರಜೆ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ಉತ್ತರದ ಯಾತ್ರೆಯ ಮಾತು ಮೊದಲಾಗುತ್ತದೆ. ಕೇದಾರದ ರಾವಲರು ಪರಂಪರೆಯಿಂದ ಕನ್ನಡ ನಾಡಿನ ಕಡೆಯ ವೀರಶೈವ ಜಂಗಮರು. ಚಳಿಗಾಲದಲ್ಲಿ ಉತ್ಸವಮೂರ್ತಿಯು ಉಖೀಮಠದ ಓಂಕಾರೇಶ್ವರ ದೇವಾಲಯಕ್ಕೆ ಇಳಿದುಬರುತ್ತದೆ. ಮರಳಿ ಬಾಗಿಲು ತೆರೆಯುವ ದಿನವು ಮಹಾಶಿವರಾತ್ರಿಯಂದು ಅಲ್ಲಿಯೇ ನಿಶ್ಚಯವಾಗುತ್ತದೆ. ಆ ಬೆಟ್ಟದೊಡನೆ ನಮ್ಮ ಮನೆತನಗಳ ನಂಟು ಇಂದು ನಿನ್ನೆಯದಲ್ಲ. ಆದುದರಿಂದ ಅಲ್ಲಿಯ ಮರಗಳಲ್ಲಿ ಏನು ನಡೆದಿದೆ ಎಂಬುದನ್ನು ತಿಳಿಯುವುದು ನಮಗೆ ಹೊರಗಿನ ವಿಚಾರವಾಗದು.

ಮರವು ಒಂದು ಎತ್ತರದ ಮೇಲೆ ಏಕೆ ಬೆಳೆಯದು? ಚಳಿಗೆ ಸಾಯುತ್ತದೆ ಎಂಬುದು ಸಾಮಾನ್ಯರ ಊಹೆ. ಅದು ಪೂರ್ತಿ ಸರಿಯಲ್ಲ. ಸೈಬೀರಿಯದಲ್ಲಿ ಚಳಿಗಾಲದ ತಾಪವು ಸೊನ್ನೆಯ ಕೆಳಗೆ 50 ಡಿಗ್ರಿಗೆ ಇಳಿದರೂ ಮರಗಳು ಬದುಕಿ ನಿಂತಿರುತ್ತವೆ. ಮರಕ್ಕೆ ಬೇಕಾದುದು ಬೆಳೆಯುವ ಕೆಲವು ತಿಂಗಳುಗಳಲ್ಲಿ ಸಾಕಷ್ಟು ಬಿಸುಪು. ಸ್ವಿಟ್ಜರ್ಲೆಂಡಿನ ವಿದ್ವಾಂಸ ಕ್ರಿಶ್ಚಿಯನ್ ಕೋರ್ನರ್ ಅವರು ಜಗತ್ತಿನ ನಾನಾ ಪರ್ವತಗಳಲ್ಲಿ ವೃಕ್ಷರೇಖೆಯ ನೆಲದ ತಾಪವನ್ನು ಅಳೆಯಿಸಿ 2004ರಲ್ಲಿ ಪ್ರಕಟಿಸಿದರು. ಬೆಳೆಯುವ ಋತುವಿನ ಸರಾಸರಿ ತಾಪವು ಎಲ್ಲೆಡೆಯೂ ಹೆಚ್ಚುಕಡಿಮೆ 6ರಿಂದ 7 ಡಿಗ್ರಿ ಸೆಲ್ಸಿಯಸ್ಸಿನ ಸುತ್ತಲೇ ಇತ್ತು. ಅದಕ್ಕಿಂತ ತಂಪಾದರೆ ಎಲೆಯು ಆಹಾರವನ್ನು ತಯಾರಿಸಿದರೂ ಆ ಆಹಾರದಿಂದ ಹೊಸ ಕಟ್ಟಿಗೆಯನ್ನು ಕಟ್ಟುವ ಕೆಲಸ ನಡೆಯುವುದಿಲ್ಲ. ಅಕ್ಕಿಬೇಳೆ ತುಂಬಿದ್ದೂ ಒಲೆ ಹೊತ್ತದ ಮನೆಯಂತೆ ಎನ್ನಬಹುದು. ಕೇದಾರದ ಬಾಗಿಲಿನಂತೆಯೇ ಆ ಎತ್ತರದ ಮರದ ಬಾಗಿಲೂ ವರ್ಷದಲ್ಲಿ ಕೆಲವೇ ತಿಂಗಳು ತೆರೆದಿರುತ್ತದೆ.

ಒಂದು ಸಾವಿರ ಮೀಟರ್ ಏರಿದರೆ ಗಾಳಿಯ ತಾಪವು ಸುಮಾರು 6 ಡಿಗ್ರಿ ಇಳಿಯುತ್ತದೆ. ಬೆಟ್ಟವನ್ನು ಏರದೆ ನೆಲದ ಮೇಲೆಯೇ ಉತ್ತರ ದಿಕ್ಕಿಗೆ ಸಾವಿರಾರು ಮೈಲಿ ನಡೆದರೂ ಇದೇ ಅನುಭವ. ಗಢವಾಲದಲ್ಲಿ 3300ರಿಂದ 3600 ಮೀಟರ್ ಎತ್ತರದಲ್ಲಿ ಕಾಣುವ ವೃಕ್ಷರೇಖೆಯು ರಷ್ಯದ ಉತ್ತರ ತುದಿಯಲ್ಲಿ ಬಯಲಿನಲ್ಲಿಯೇ ಕಾಣಸಿಗುತ್ತದೆ. ಅಲ್ಲಿಯ ತೈಮೀರ್ ಪರ್ಯಾಯದ್ವೀಪದ ಆರಿ-ಮಾಸ್ ಎಂಬಲ್ಲಿ, 72 ಡಿಗ್ರಿ ಉತ್ತರ ಅಕ್ಷಾಂಶವನ್ನೂ ದಾಟಿ, ಲಾರ್ಚ್ ಮರಗಳ ಒಂದು ಕಾಡಿದೆ. ಭೂಮಿಯ ಮೇಲೆ ಕಾಡೆಂಬುದು ಹೋಗಿ ಮುಟ್ಟಿರುವ ಅತ್ಯಂತ ಉತ್ತರದ ತಾಣಗಳಲ್ಲಿ ಅದೂ ಒಂದು.

ಈ ಎರಡು ಗಡಿಗಳನ್ನೂ ಬಹುಮಟ್ಟಿಗೆ ಕಾಯುತ್ತಿರುವವು ಸೂಚಿಪರ್ಣಿ ಮರಗಳು. ಸೂಜಿಯಂಥ ಎಲೆ, ಶಂಕುವಿನಾಕಾರದ ಕಾಯಿ, ಗಾಯವಾದರೆ ಒಸರುವ ರಾಳ, ಇವು ಅವುಗಳ ಗುರುತು. ದೇವದಾರು, ಪೈನ್, ಫರ್, ಸ್ಪ್ರೂಸ್, ಲಾರ್ಚ್ ಎಲ್ಲವೂ ಈ ಕುಲದವೇ. ನಮ್ಮ ಕಾಲೇಜುಗಳ ಆವರಣದಲ್ಲಿಯೂ ಕಾರವಾರದ ಕಡಲತೀರದಲ್ಲಿಯೂ ಕಾಣುವ ಗಾಳಿಮರವನ್ನು ಕೆಲವರು ಈ ಗುಂಪಿಗೆ ಸೇರಿಸುವುದುಂಟು. ನೋಟಕ್ಕೆ ಹಾಗಿದ್ದರೂ ಅದು ಬೇರೆ ಕುಲದ ಮರ. ದಕ್ಷಿಣ ಭಾರತದ ಸಹಜವಾದ ಕಾಡಿನಲ್ಲಿ ಈ ವರ್ಗದ ಮರವಿರುವುದು ಒಂದೇ ಒಂದು. ಪಶ್ಚಿಮಘಟ್ಟದ ಮಳೆಕಾಡುಗಳಲ್ಲಿ ಅಡಗಿರುವ ಆ ಮರಕ್ಕೆ ಶಾಸ್ತ್ರಜ್ಞರು ನಗೇಯಾ ವಾಲಿಚಿಯಾನಾ ಎಂದು ಹೆಸರಿಟ್ಟಿದ್ದಾರೆ. ಅದಕ್ಕೋ ಸೂಜಿಯೆಲೆಯೇ ಇಲ್ಲ, ಅಗಲವಾದ ಎಲೆ!

ದೇವದಾರುವಿನ ಮಾತು ಬಂದಾಗ ನಮಗೆ ಮಠದ ಪಾಠಶಾಲೆಯಲ್ಲಿ ಓದಿದ ರಘುವಂಶದ ಎರಡನೆಯ ಸರ್ಗವು ನೆನಪಾಗುತ್ತದೆ. ಅಲ್ಲಿ ಹಿಮಾಲಯದ ಒಂದು ದೇವದಾರು ಮರವನ್ನು ಶಿವನು ಮಗನನ್ನಾಗಿ ಸ್ವೀಕರಿಸಿರುತ್ತಾನೆ; ಪಾರ್ವತಿಯೇ ಅದಕ್ಕೆ ನೀರೆರೆದು ಬೆಳೆಸಿರುತ್ತಾಳೆ. ಒಂದು ಕಾಡಾನೆಯು ಮೈಯುಜ್ಜಿ ಅದರ ತೊಗಟೆಯನ್ನು ಕಿತ್ತಾಗ ತಾಯಿಯು ಮಗನಿಗೆ ಗಾಯವಾದಂತೆ ಮರುಗುತ್ತಾಳೆ. ಕಾಳಿದಾಸನು ತೊಗಟೆಯ ಗಾಯವನ್ನೇ ಆರಿಸಿಕೊಂಡದ್ದು ನಮಗೆ ಅರ್ಥಪೂರ್ಣವಾಗಿ ತೋರುತ್ತದೆ. ಮರದ ಕಾಂಡದಲ್ಲಿ ಹೊಸ ಕಟ್ಟಿಗೆಯನ್ನು ಕಟ್ಟುವ ಜೀವಂತ ಪದರವು ತೊಗಟೆಯ ಬೆನ್ನಿಗೇ ಇರುವ ತೆಳುವಾದ ಪೊರೆ. ನಮ್ಮ ಬಡಿಗೇರರು ಮೆಚ್ಚುವ ಒಳಗಿನ ಕೆಚ್ಚು ಮರಕ್ಕೆ ಆಸರೆಯೇ ಹೊರತು ಬೆಳೆಯುವ ಭಾಗವಲ್ಲ.

ಆ ಪೊರೆಯು ವಸಂತದಲ್ಲಿ ಕೆಲಸ ಮೊದಲುಮಾಡಿದಾಗ ದೊಡ್ಡ ದೊಡ್ಡ ಕೋಶಗಳನ್ನು ಕಟ್ಟುತ್ತದೆ. ಆ ಭಾಗ ತಿಳಿಬಣ್ಣದ್ದು. ಋತು ಮುಗಿಯುತ್ತ ಬಂದಂತೆ ಕೋಶಗಳು ಕಿರಿದಾಗಿ ಅವುಗಳ ಗೋಡೆ ದಪ್ಪವಾಗುತ್ತದೆ. ಆ ಭಾಗ ಕಪ್ಪಗೆ ಒತ್ತಾಗಿರುತ್ತದೆ. ಒಂದು ತಿಳಿ, ಒಂದು ಕಪ್ಪು ಕೂಡಿದರೆ ಒಂದು ವರ್ಷದ ಉಂಗುರ. ಒಳ್ಳೆಯ ವರ್ಷದಲ್ಲಿ ಉಂಗುರವು ಅಗಲ, ಕಷ್ಟದ ವರ್ಷದಲ್ಲಿ ಸಣ್ಣ. ಇದನ್ನು ನೋಡಲು ಮರವನ್ನು ಕಡಿಯಬೇಕಾಗಿಲ್ಲ. ಟೊಳ್ಳಾದ ಬೈರಿಗೆಯೊಂದನ್ನು ಕಾಂಡದೊಳಗೆ ತಿರುಗಿಸಿ ಪೆನ್ಸಿಲ್ಲಿಗಿಂತ ಸಣ್ಣದಾದ ಕಟ್ಟಿಗೆಯ ಕಡ್ಡಿಯೊಂದನ್ನು ಹೊರತೆಗೆಯುತ್ತಾರೆ. ಆ ರಂಧ್ರವನ್ನು ಮರವು ತನ್ನ ರಾಳದಿಂದಲೇ ಮುಚ್ಚಿಕೊಳ್ಳುತ್ತದೆ. ಹಲವು ಮರಗಳ ಕಡ್ಡಿಗಳನ್ನು ಜೊತೆಗಿಟ್ಟು, ಸಣ್ಣ-ಅಗಲಗಳ ಸಾಲನ್ನು ಒಂದರೊಡನೊಂದು ತಾಳೆನೋಡಿ, ಯಾವ ಉಂಗುರ ಯಾವ ವರ್ಷದ್ದೆಂದು ನಿಶ್ಚಯಿಸುತ್ತಾರೆ. ಹಸ್ತಪ್ರತಿಗಳ ಪಾಠಾಂತರಗಳನ್ನು ತಾಳೆನೋಡಿದವರಿಗೆ ಈ ಶ್ರಮವು ಪರಿಚಿತವೇ. ಒಂದೇ ಪ್ರತಿಯನ್ನು ನಂಬಿದರೆ ಮೋಸಹೋಗುವುದು ಅಲ್ಲಿಯಂತೆ ಇಲ್ಲಿಯೂ ಉಂಟು. ತೀರ ಕೆಟ್ಟ ವರ್ಷದಲ್ಲಿ ಮರವು ಉಂಗುರವನ್ನೇ ಬಿಟ್ಟುಬಿಡುವುದಿದೆ. ಈ ವಿದ್ಯೆಗೆ ಅಡಿಗಲ್ಲಿಟ್ಟವರು ಅಮೆರಿಕದ ಎ. ಇ. ಡಗ್ಲಸ್. ಅವರು ಮೂಲತಃ ಖಗೋಳಶಾಸ್ತ್ರಜ್ಞರು. ಸೂರ್ಯನ ಕಲೆಗಳ ಆವರ್ತವು ಮರದಲ್ಲಿ ಮೂಡಿದೆಯೇ ಎಂದು ಹುಡುಕಹೋದವರು.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಗಮನಿಸಬೇಕು. ಮರವು ತನಗೆ ದೊರೆತುದನ್ನೆಲ್ಲ ಉಂಗುರದಲ್ಲಿ ಬರೆಯುವುದಿಲ್ಲ. ಯಾವುದು ಸಾಲದೆ ಹೋಯಿತೋ ಅದನ್ನು ಬರೆಯುತ್ತದೆ. ಉತ್ತರದ ಗಡಿಯಲ್ಲಿ ನೀರಿಗೆ ಕೊರತೆಯಿಲ್ಲ, ಬಿಸುಪಿಗೆ ಕೊರತೆ. ಆದುದರಿಂದ ಅಲ್ಲಿಯ ಅಗಲ ಉಂಗುರವೆಂದರೆ ಬೆಚ್ಚಗಿನ ಬೇಸಿಗೆ ಎಂದರ್ಥ. ನಮ್ಮ ಹಳಿಯಾಳ-ದಾಂಡೇಲಿ ಕಡೆಯ ಸಾಗವಾನಿಗೆ ಬಿಸಿಲಿನ ಕೊರತೆ ಎಂದೂ ಇಲ್ಲ, ಕೊರತೆಯಾದರೆ ಮಳೆಯದು. ಬೇಸಿಗೆಯಲ್ಲಿ ಎಲೆಯುದುರಿಸಿ ನಿಲ್ಲುವ ಆ ಮರವೂ ಸ್ಪಷ್ಟವಾದ ಉಂಗುರವನ್ನು ಕಟ್ಟುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಎಚ್. ಪಿ. ಬೋರ್ಗಾಂವಕರ್ ಮತ್ತು ಸಂಗಡಿಗರು ಕೇರಳದ ಸಾಗವಾನಿ ಮರಗಳಿಂದ 1481ರಿಂದ 2003ರವರೆಗಿನ 523 ವರ್ಷಗಳ ಸಾಲನ್ನು ಕಟ್ಟಿ 2010ರಲ್ಲಿ ಪ್ರಕಟಿಸಿದರು. ಮುಂಗಾರು ಕೈಕೊಟ್ಟ ವರ್ಷಗಳು ಅದರಲ್ಲಿ ಸಣ್ಣ ಉಂಗುರಗಳಾಗಿ ಮೂಡಿವೆ. ಅದೇ ವರ್ಷ ಅಮೆರಿಕದ ಎಡ್ವರ್ಡ್ ಕುಕ್ ಮತ್ತು ಸಂಗಡಿಗರು ಏಷ್ಯಾಖಂಡದ 300ಕ್ಕೂ ಮಿಕ್ಕ ತಾಣಗಳ ಮರಗಳಿಂದ ಬರಗಾಲಗಳ ಒಂದು ಭೂಪಟವನ್ನೇ ತಯಾರಿಸಿದರು. ನಮ್ಮ ಧಾರವಾಡ ಸೀಮೆಯನ್ನು ಹಿಂಡಿದ 1876-78ರ ಮಹಾಕ್ಷಾಮದ ಬರವು ಆ ಭೂಪಟದಲ್ಲಿ ಎದ್ದುಕಾಣುತ್ತದೆ.

ಈಗ ಉತ್ತರದ ಗಡಿಯ ಒಗಟಿಗೆ ಬರೋಣ. ಅಲಾಸ್ಕದಲ್ಲಿ, ಕೆನಡಾದಲ್ಲಿ, ಸೈಬೀರಿಯದಲ್ಲಿ ಸೂಚಿಪರ್ಣಿ ಮರಗಳು ಬೇಸಿಗೆಯ ತಾಪದ ಜೊತೆಜೊತೆಗೇ ಹೆಜ್ಜೆಹಾಕಿದ್ದವು. ತಾಪಮಾಪಕಗಳು ಬರುವುದಕ್ಕೆ ಮುಂಚಿನ ಶತಮಾನಗಳ ತಾಪವನ್ನು ಆ ಮರಗಳಿಂದಲೇ ಲೆಕ್ಕಹಾಕಿದ್ದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಜೊತೆ ತಪ್ಪಿತು. ಗಾರ್ಡನ್ ಜಾಕೋಬಿ ಮತ್ತು ರೋಸನ್ ಡಿ'ಅರಿಗೊ ಅವರು 1995ರಲ್ಲಿ ಅಲಾಸ್ಕದ ಸ್ಪ್ರೂಸ್ ಮರಗಳಲ್ಲಿ ಇದನ್ನು ಗುರುತಿಸಿದರು. ಕೀತ್ ಬ್ರಿಫಾ ಮತ್ತು ಸಂಗಡಿಗರು 1998ರಲ್ಲಿ ಉತ್ತರ ಗೋಳಾರ್ಧದ ಹಲವೆಡೆ ಇದೇ ಲಕ್ಷಣವನ್ನು ತೋರಿಸಿದರು. ತಾಪ ಏರುತ್ತಿತ್ತು, ಮರದ ಬೆಳವಣಿಗೆಯು ಅದಕ್ಕೆ ತಕ್ಕಂತೆ ಏರಲಿಲ್ಲ, ಕೆಲವೆಡೆ ಇಳಿಯಿತು ಸಹ. ಬಯಸಿದ ಬಿಸುಪು ಬಂದಾಗ ಮರವು ಏಕೆ ಹಿಂಜರಿಯಿತು?

ಇದಕ್ಕೆ ಒಂದೇ ಉತ್ತರವಿಲ್ಲ. ಅಲಾಸ್ಕದ ಒಳನಾಡಿನ ಸ್ಪ್ರೂಸ್ ಮರಗಳು ಬಾಯಾರಿವೆ ಎಂಬುದನ್ನು ವ್ಯಾಲೆರಿ ಬಾರ್ಬರ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಬಿಸಿಲು ಹೆಚ್ಚಿದಂತೆ ಎಲೆಯಿಂದ ನೀರು ಹಾರುತ್ತದೆ, ಮಳೆಯು ಮಾತ್ರ ಹೆಚ್ಚಲಿಲ್ಲ. ಸೈಬೀರಿಯದ ಕೆಲವೆಡೆ ಚಳಿಗಾಲದ ಹಿಮ ಹೆಚ್ಚು ಬಿದ್ದು, ತಡವಾಗಿ ಕರಗಿ, ಬೆಳೆಯುವ ಋತುವಿನ ಮೊದಲ ದಿನಗಳನ್ನೇ ನುಂಗಿತೆಂದು ರಷ್ಯದ ಯೂಜೀನ್ ವಾಗನೋವ್ ಅವರ ತಂಡ 1999ರಲ್ಲಿ ವಾದಿಸಿತು. ಹೊಗೆಧೂಳುಗಳಿಂದ ಸೂರ್ಯನ ಬೆಳಕೇ ಮಸುಕಾದುದು ಕಾರಣವೆಂದು ಹೇಳುವವರೂ ಇದ್ದಾರೆ. ನಮಗೆ ಮೊದಲನೆಯ ವಿವರಣೆಯು ಹೆಚ್ಚು ಬಲವಾದುದೆಂದು ತೋರುತ್ತದೆ. ಎಲ್ಲ ಮರಗಳೂ ಹೀಗಾಗಲಿಲ್ಲವೆಂಬುದನ್ನೂ ಹೇಳಬೇಕು. ತೇವವಿರುವ ಎಡೆಗಳಲ್ಲಿ ಇಂದಿಗೂ ಮರಗಳು ಬಿಸುಪಿನೊಡನೆಯೇ ಬೆಳೆಯುತ್ತಿವೆ. ಮರದ ಬರವಣಿಗೆ ಸುಳ್ಳಾಗಲಿಲ್ಲ. ಬಿಸುಪಿನ ಕೊರತೆಯನ್ನು ಬರೆಯುತ್ತಿದ್ದ ಮರವು ನೀರಿನ ಕೊರತೆಯನ್ನು ಬರೆಯತೊಡಗಿತು. ಓದುವವರು ಹಳೆಯ ಕೋಶವನ್ನೇ ಹಿಡಿದು ಕುಳಿತಿದ್ದರು.

ಹಿಮಾಲಯದಲ್ಲಿ ಈ ಓದನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿರುವುದು ಮುಖ್ಯವಾಗಿ ಎರಡು ಸಂಸ್ಥೆಗಳು: ಮೇಲೆ ಹೇಳಿದ ಪುಣೆಯ ಸಂಸ್ಥೆ, ಮತ್ತು ಬೀರಬಲ್ ಸಾಹನಿಯವರು 1946ರಲ್ಲಿ ಸ್ಥಾಪಿಸಿದ ಲಖನೌದ ಸಂಸ್ಥೆ. ಲಖನೌದ ರಾಮ್ ರತನ್ ಯಾದವ್ ಮತ್ತು ಸಂಗಡಿಗರು ಲಾಹುಲ್ ಪ್ರದೇಶದ ಜುನಿಪರ್ ಮರಗಳಿಂದ ಒಂದೂವರೆ ಸಾವಿರ ವರ್ಷಕ್ಕೂ ಮೀರಿದ ಸಾಲನ್ನು ಕಟ್ಟಿದ್ದಾರೆ. ಗಂಗೋತ್ರಿಯ ಹಾದಿಯ ಭೈರೋಂಘಾಟಿಯ ದೇವದಾರುಗಳ ಸಾಲು ಒಂಬತ್ತನೆಯ ಶತಮಾನದವರೆಗೆ ಹಿಂದಕ್ಕೆ ಹೋಗುತ್ತದೆ. ಅಂದರೆ ಬಸವಣ್ಣನವರು ಕಲ್ಯಾಣದಲ್ಲಿದ್ದ ಕಾಲದ ಒಂದೊಂದು ವರ್ಷಕ್ಕೂ ಅಲ್ಲಿ ಒಂದೊಂದು ಉಂಗುರವಿದೆ.

ದೇವದಾರು ಬೆಳೆಯುವುದು ಒಳಕಣಿವೆಗಳ ಒಣಭೂಮಿಯಲ್ಲಿ. ಚಳಿಗಾಲದಲ್ಲಿ ಬಿದ್ದ ಹಿಮವು ಕರಗಿ ನೆಲ ನೆನೆದಿರುವ ತನಕ ಅದಕ್ಕೆ ಸುಖ. ಮಾರ್ಚಿನಿಂದ ಮೇವರೆಗೆ ಬಿಸಿಲೇರಿದರೆ ನೆಲ ಬೇಗ ಒಣಗಿ ಉಂಗುರ ಸಣ್ಣದಾಗುತ್ತದೆ. ಹೀಗೆ ದೇವದಾರುವಿನ ಅಗಲ ಉಂಗುರವು ತಂಪಾದ ವಸಂತವನ್ನು ಸೂಚಿಸುತ್ತದೆ; ಸೈಬೀರಿಯದ ಮರದ ಮಾತಿಗೆ ನೇರ ವಿರುದ್ಧ. ಈ ಸೂತ್ರವನ್ನು ಹಿಡಿದು ಯಾದವ್ ಅವರ ತಂಡ 2004ರಲ್ಲಿ ಬರೆದ ಲೇಖನದ ಶೀರ್ಷಿಕೆಯೇ ಒಂದು ಪ್ರಶ್ನೆಯಾಗಿತ್ತು: ಪಶ್ಚಿಮ ಹಿಮಾಲಯವು ಭೂಮಿಯ ತಾಪ ಏರಿಕೆಯನ್ನು ಧಿಕ್ಕರಿಸುತ್ತಿದೆಯೇ? ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಲ್ಲಿಯ ಮುಂಗಾರು ಪೂರ್ವದ ತಾಪವು ತಗ್ಗಿದಂತೆ ಮರಗಳು ಹೇಳುತ್ತಿದ್ದವು. ರಾತ್ರಿಯ ತಾಪ ಇಳಿದುದೇ ಇದಕ್ಕೆ ಕಾರಣವೆಂದೂ, ಕಾಡು ಕಡಿದು ನೆಲ ಬರಿದಾದುದು ಅದರ ಹಿಂದೆ ಇರಬಹುದೆಂದೂ ಅವರು ಅಭಿಪ್ರಾಯಪಟ್ಟರು.

ಏಳು ವರ್ಷಗಳ ಬಳಿಕ, 2011ರಲ್ಲಿ, ಪುಣೆಯ ಬೋರ್ಗಾಂವಕರ್ ಅವರ ತಂಡವು ಇನ್ನೂ ಎತ್ತರದ ಮರಗಳನ್ನು ಓದಿತು. ಕಿನ್ನೌರ, ಗಂಗೋತ್ರಿ ಮುಂತಾದೆಡೆ ಹಿಮನದಿಗಳಿಗೆ ಸಮೀಪ ನಿಂತ ಸೂಚಿಪರ್ಣಿಗಳು ಇತ್ತೀಚಿನ ದಶಕಗಳಲ್ಲಿ ಹಿಂದೆಂದೂ ಇಲ್ಲದಷ್ಟು ವೇಗವಾಗಿ ಬೆಳೆದಿದ್ದವು. ಅವರು ಕಂಡ ಕಾರಣ ಚಳಿಗಾಲಗಳು ಬೆಚ್ಚಗಾದುದು. ಎಲೆಗೆ ಹಿಮಗಾಯ ಕಡಿಮೆ, ಬೇರಿಗೆ ಬೇಗ ಎಚ್ಚರ. ಒಂದೇ ಅಗಲ ಉಂಗುರಕ್ಕೆ ಕೆಳಗಿನ ಕಣಿವೆಯಲ್ಲಿ ತಂಪಾದ ವಸಂತವೆಂದೂ, ಮೇಲಿನ ಗಡಿಯಲ್ಲಿ ಬೆಚ್ಚಗಿನ ಚಳಿಗಾಲವೆಂದೂ ಅರ್ಥ ಹೊರಟಿತು. ಇವೆರಡೂ ಪರಸ್ಪರ ವಿರೋಧವಲ್ಲವೆಂದೇ ನಮ್ಮ ತಿಳಿವಳಿಕೆ. ಕಾಲ ಬೇರೆ, ಎತ್ತರ ಬೇರೆ, ಕೊರತೆ ಬೇರೆ.

ಈ ಬೆಳವಣಿಗೆಯು ಹೀಗೆಯೇ ಮುಂದುವರಿಯುವುದೆಂದು ಹೇಳಲಾಗದು. ನೇಪಾಳದ ವೃಕ್ಷರೇಖೆಯ ಭೂರ್ಜ ಮರಗಳನ್ನು ಅಭ್ಯಾಸಮಾಡಿದ ಚೀನಾದ ಎರ್ಯುವಾನ್ ಲಿಯಾಂಗ್ ಅವರ ತಂಡವು, ಅವುಗಳನ್ನು ತಡೆಯುತ್ತಿರುವುದು ಚಳಿಗಿಂತ ಹೆಚ್ಚಾಗಿ ಮಳೆಗಾಲಕ್ಕೆ ಮುಂಚಿನ ಒಣಹವೆ ಎಂದು 2014ರಲ್ಲಿ ತೋರಿಸಿತು. ಭೂರ್ಜವು ಸೂಚಿಪರ್ಣಿಯಲ್ಲ, ನಿಜ. ಆದರೆ ಅಷ್ಟು ಎತ್ತರದಲ್ಲಿಯೂ ಮರವು ಬಾಯಾರಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಚಳಿಗಾಲದ ಹಿಮ ಕಡಿಮೆಯಾಗಿ ವಸಂತದ ಬಿಸಿಲು ಏರಿದರೆ ಅಲಾಸ್ಕದಲ್ಲಿ ನಡೆದುದು ಗಢವಾಲದಲ್ಲಿಯೂ ನಡೆಯಬಹುದು.

ಹಾಗಾದರೆ ವೃಕ್ಷರೇಖೆಯು ಮೇಲಕ್ಕೆ ಸರಿಯುತ್ತಿದೆಯೆ? ಜಗತ್ತಿನ 166 ತಾಣಗಳ ವರದಿಗಳನ್ನು ಒಟ್ಟುಗೂಡಿಸಿ ಮೆಲಾನಿ ಹಾರ್ಶ್ ಮತ್ತು ಸಂಗಡಿಗರು 2009ರಲ್ಲಿ ಲೆಕ್ಕ ಕೊಟ್ಟರು: 1900ರಿಂದ ಈಚೆಗೆ ನೂರಕ್ಕೆ 52 ಕಡೆ ರೇಖೆ ಮುಂದುವರಿದಿದೆ, ಹಿಂದೆ ಸರಿದುದು ನೂರಕ್ಕೆ ಒಂದು ಕಡೆ ಮಾತ್ರ, ಉಳಿದೆಡೆ ಇದ್ದಲ್ಲಿಯೇ ಇದೆ. ಬೆಳೆದ ಮರವು ದಪ್ಪವಾಗುವುದು ಬೇರೆ, ಅದರ ಬೀಜವು ಮೇಲಿನ ಹುಲ್ಲುಗಾವಲಿನಲ್ಲಿ ಬಿದ್ದು ಮೊಳೆತು ಸಸಿಯಾಗಿ ಹಿಮಕ್ಕೂ ಕುರಿಯ ಬಾಯಿಗೂ ತಪ್ಪಿಸಿಕೊಂಡು ಬದುಕುವುದು ಬೇರೆ. ಹಿಮಾಲಯದ ಬಹುಭಾಗದಲ್ಲಿ ಈ ರೇಖೆಯನ್ನು ಕೆಳಗೆ ಒತ್ತಿಹಿಡಿದಿರುವುದು ಚಳಿಯೊಂದೇ ಅಲ್ಲ. ಮೇಯಿಸುವಿಕೆ, ಬೆಂಕಿ, ಸೌದೆಗಾಗಿ ಕಡಿಯುವಿಕೆಗಳೂ ಕೂಡಿವೆ. ಗಂಗೋತ್ರಿಯಾಚೆಯ ಭೋಜಬಾಸಾ ಎಂಬ ತಾಣಕ್ಕೆ ಹೆಸರು ಬಂದುದು ಭೂರ್ಜದ ಮರಗಳಿಂದ. ಅಲ್ಲಿ ಆ ಮರಗಳು ತೀರ ವಿರಳವಾದುದನ್ನು ಕಂಡು ಪರ್ವತಾರೋಹಿ ಹರ್ಷವಂತಿ ಬಿಷ್ಟ್ ಅವರು 1990ರ ದಶಕದಲ್ಲಿ ಸಸಿಗಳನ್ನು ನೆಟ್ಟು ಬೆಳೆಸುವ ಕೆಲಸಕ್ಕೆ ಕೈಹಾಕಬೇಕಾಯಿತು.

ಕೇದಾರದ ಹಾದಿಯಿರುವ ಪ್ರದೇಶವು 1972ರಲ್ಲಿ ಘೋಷಿತವಾದ ವನ್ಯಧಾಮದ ಸೆರಗಿನಲ್ಲಿದೆ. 2013ರ ಜೂನ್ 16 ಮತ್ತು 17ರಂದು ಚೋರಾಬಾರಿ ಸರೋವರವು ಒಡೆದು ಬಂದ ಪ್ರವಾಹದಲ್ಲಿ ರಾಮಬಾಡಾ ಎಂಬ ತಂಗುದಾಣವೇ ಅಳಿಸಿಹೋಯಿತು. ಆ ಬಳಿಕ ಹೊಳೆಯ ಆಚೆಯ ದಡದ ಇಳಿಜಾರಿನಲ್ಲಿ ಹೊಸ ಹಾದಿಯನ್ನು ಕಡಿದರು. ಸೋನಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರಿನ ರೋಪ್‌ವೇಗೆ ಕೇಂದ್ರ ಸಚಿವಸಂಪುಟವು 2025ರ ಮಾರ್ಚಿನಲ್ಲಿ ಒಪ್ಪಿಗೆ ಕೊಟ್ಟಿದೆ. ಅದರಿಂದ ಹೇಸರಗತ್ತೆಗಳ ಹಿಂಸೆ ಕಡಿಮೆಯಾದರೆ ಒಳಿತೇ. ಜನಸಂದಣಿ ಇಮ್ಮಡಿಯಾದರೆ ಆ ಕಣಿವೆ ತಾಳೀತೆ ಎಂಬ ಅಂಜಿಕೆ ನಮಗುಂಟು. ಇದು ಸರಕಾರದ ಮಟ್ಟದ ಮಾತಾಯಿತು. ಯಾತ್ರಿಕರ ಕೈಯಲ್ಲಿರುವುದು ಇನ್ನೊಂದಿದೆ. ವೃಕ್ಷರೇಖೆಯಿಂದ ಮೇಲೆ ನೆಲಕ್ಕಂಟಿ ಬೆಳೆಯುವ ಜುನಿಪರ್ ಪೊದೆಯೂ ಅಲ್ಲಿಯ ಕುರುಚಲು ಬುರಾಂಶವೂ ಹಸಿಯಾಗಿದ್ದರೂ ಹೊತ್ತಿ ಉರಿಯುತ್ತವೆ. ಬೆಟ್ಟದ ಮೇಲಿನ ಚಹದಂಗಡಿಗಳಲ್ಲಿ ಅದೇ ಸೌದೆ. ಹೆಬ್ಬೆರಳು ದಪ್ಪದ ಒಂದು ಕಾಂಡಕ್ಕೆ ಆ ಚಳಿಯಲ್ಲಿ ಹತ್ತಾರು ವರ್ಷ ಹಿಡಿದಿರುತ್ತದೆ. ಒಂದು ಬಕೆಟ್ ಬಿಸಿನೀರಿಗೆ ಅಂಥವು ಹಲವು ಬೇಕು. ಮೈಕಾಯಿಸಲು ಬೆಂಕಿ ಹಾಕಿಸಿರೆಂದು ಕೇಳುವವರು ನಮ್ಮ ಕಡೆಯ ತಂಡಗಳಲ್ಲಿಯೂ ಇರುತ್ತಾರೆ. ತಂಡದ ಹಿರಿಯರು ಹೊರಡುವ ಮುನ್ನವೇ ಇದನ್ನು ತಿಳಿಹೇಳಿ, ಇನ್ನೊಂದು ಉಣ್ಣೆಯ ಬಟ್ಟೆ ಕಟ್ಟಿಕೊಳ್ಳಿರೆಂದರೆ ತೀರಿತು.

ಹೆಲಿಕಾಪ್ಟರಿನಲ್ಲಿ ಹೋಗುವವರಿಗೆ ಈ ರೇಖೆಯು ಕೆಲವು ನಿಮಿಷಗಳಲ್ಲಿ ಕಾಲಡಿಯಲ್ಲಿ ಸರಿದುಹೋಗುತ್ತದೆ. ಅದನ್ನು ಹತ್ತಿರದಿಂದ ನೋಡಬಯಸುವವರು, ಕೇದಾರದ ದರ್ಶನ ಮುಗಿಸಿ ಬದರಿಯ ಕಡೆಗೆ ಹೊರಟಾಗ, ಉಖೀಮಠದಿಂದ ಚೋಪ್ತಾ ಮಾರ್ಗವನ್ನು ಹಿಡಿಯಬೇಕು. ಚೋಪ್ತಾದಿಂದ ಪಂಚಕೇದಾರಗಳಲ್ಲೊಂದಾದ ತುಂಗನಾಥಕ್ಕೆ ಕಲ್ಲು ಹಾಸಿದ ಮೂರೂವರೆ ಕಿಲೋಮೀಟರ್ ದಾರಿ. ದೇವಾಲಯ ಸುಮಾರು 3680 ಮೀಟರ್ ಎತ್ತರದಲ್ಲಿದೆ. ಮೊದಲು ಕೆಂಪು ಹೂವಿನ ಬುರಾಂಶ ಮತ್ತು ಖರ್ಸು ಓಕ್ ಮರಗಳು, ಅವುಗಳ ನಡುವೆ ಕಪ್ಪಗೆ ನೆಟ್ಟಗೆ ನಿಂತ ಫರ್. ಆಮೇಲೆ ಬಾಗಿದ ಕುರುಚಲು ಬುರಾಂಶ. ಆಮೇಲೆ ಬರಿಯ ಹುಲ್ಲು. ಗಢವಾಲ ವಿಶ್ವವಿದ್ಯಾಲಯದ ಎತ್ತರ ಪ್ರದೇಶ ಸಸ್ಯಸಂಶೋಧನ ಕೇಂದ್ರದ ಶಾಖೆಯೂ ಆ ಇಳಿಜಾರಿನಲ್ಲಿಯೇ ಇದೆ. ಮೊಣಕಾಲು ನೋವಿರುವ ಹಿರಿಯರು ಚೋಪ್ತಾದಲ್ಲಿಯೇ ಕುಳಿತು ತಲೆಯೆತ್ತಿ ನೋಡಿದರೂ ಎದುರು ಬೆಟ್ಟದ ಮೈಯಲ್ಲಿ ಕಡುಹಸಿರು ಮುಗಿದು ತಿಳಿಹಸಿರು ಮೊದಲಾಗುವ ಗೆರೆ ಕಾಣುತ್ತದೆ.